ನೂರ ಹನ್ನೆರಡರಿಂದ ತೊಂಬತ್ತಾರಕ್ಕೆ

ನಮ್ಮ ದೊಡ್ಡಮ್ಮ ಕೀಬೋರ್ಡ್ ನುಡಿಸಲು ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವಳಿಗೆ ಗೊತ್ತಿದ್ದದ್ದು ಟೈಪ್‌ರೈಟರಿನ ಕೀಲಿಗಳು ಮಾತ್ರ. ಬಸ್ ನಿಲ್ದಾಣದ ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಟೈಪಿಂಗ್ ಶಾಲೆ ಇತ್ತು. ಹದಿನಾರು ಯಂತ್ರಗಳು, ಹದಿನಾರು ಮರದ ಸ್ಟೂಲುಗಳು, ಗೋಡೆಗೆ ಅಕ್ಷರಗಳ ದೊಡ್ಡದೊಂದು ಪಟ. ಅಲ್ಲಿ ಅವಳು ಹತ್ತೊಂಬತ್ತು ವರ್ಷ ಟೀಚರಾಗಿದ್ದಳು. ಮರದ ಸ್ಕೇಲಿನಿಂದ ಮೇಜಿನ ಅಂಚಿಗೆ ಟಕ್ ಟಕ್ ಎಂದು ತಟ್ಟುತ್ತಾ ಸಾಲುಗಳ ನಡುವೆ ಓಡಾಡುವಳು. ಒಂದು ತಟ್ಟಿಗೆ ಒಂದು ಅಕ್ಷರ. ಯಾರಾದರೂ ಮುಂದೆ ಓಡಿದರೆ ಅಥವಾ ಹಿಂದೆ ಬಿದ್ದರೆ, ಹದಿನಾರು ಯಂತ್ರಗಳ ಗದ್ದಲದಲ್ಲೂ ಅದು ಯಾವ ಯಂತ್ರ ಎಂದು ಅವಳಿಗೆ ಬೆನ್ನು ತಿರುಗಿಸಿಕೊಂಡೇ ಗೊತ್ತಾಗುತ್ತಿತ್ತು.

ಕೆಳಗಿನ ಮಹಡಿಯಲ್ಲಿ ಸಂಗೀತದ ಒಬ್ಬ ಮುದುಕರು ಕೀಬೋರ್ಡ್ ಪಾಠ ಹೇಳುತ್ತಿದ್ದರು. ಅವರಿಗೆ ತಮ್ಮ ಪಾಠಗಳನ್ನೆಲ್ಲ ಪುಸ್ತಕ ಮಾಡುವ ಆಸೆ. ಕೈಬರಹ ಮಾತ್ರ ಕಾಗೆ ಕಾಲು ಗುಬ್ಬಿ ಕಾಲು. ಒಂದು ದಿನ ಕಾಗದಗಳ ಕಟ್ಟು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, "ಇದನ್ನ ಟೈಪ್ ಮಾಡ್ಕೊಡಿ, ಬದಲಿಗೆ ನಿಮಗೆ ಕೀಬೋರ್ಡ್ ಹೇಳ್ಕೊಡ್ತೀನಿ" ಎಂದರು. ದೊಡ್ಡಮ್ಮ ಒಪ್ಪಿದ್ದು ಸಂಗೀತದ ಹುಚ್ಚಿನಿಂದಲ್ಲ. ಟೈಪಿಂಗಿಗೆ ಬರುವವರು ಹದಿನಾರರಿಂದ ಐದಕ್ಕೆ ಇಳಿದಿದ್ದರು. ಮಧ್ಯಾಹ್ನವೆಲ್ಲ ಸುಮ್ಮನೆ ಕೂತು ಅವಳಿಗೆ ಸಾಕಾಗಿತ್ತು.

ಕೀಲಿ ನೋಡದೆ ಒತ್ತುವುದು ಅವಳಿಗೆ ಕರಗತವಾಗಿತ್ತು. ಬೆರಳುಗಳಿಗೆ ಬಲವೂ ಇತ್ತು. ಹಾಗಾಗಿ ಮೊದಲ ವಾರ ಮುದುಕರು ಬಹಳ ಖುಷಿಯಾಗಿದ್ದರು. ಎರಡನೇ ವಾರ ಕಾರ್ಡ್ ಶುರುವಾಯಿತು, ಗಾಡಿ ಅಲ್ಲಿಗೇ ನಿಂತಿತು. ಕಾರ್ಡ್ ಎಂದರೆ ಮೂರು ಸ್ವರಗಳನ್ನು ಒಟ್ಟಿಗೆ ಒತ್ತುವುದು. ಟೈಪ್‌ರೈಟರಿನಲ್ಲಿ ಎರಡು ಕೀಲಿ ಒಟ್ಟಿಗೆ ಒತ್ತಿದರೂ ಸಾಕು, ಒಳಗಿನ ಕಡ್ಡಿಗಳು ಎದ್ದು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ, ಬೆರಳಿನಿಂದ ಬಿಡಿಸಿ ಮಸಿ ಮಾಡಿಕೊಳ್ಳಬೇಕು. ಹತ್ತೊಂಬತ್ತು ವರ್ಷ "ಒಂದು ಸಲಕ್ಕೆ ಒಂದೇ ಕೀಲಿ" ಎಂದು ಊರಿಗೆಲ್ಲ ಪಾಠ ಹೇಳಿದವಳ ಬೆರಳುಗಳು ಈಗ ಮೂರು ಒಟ್ಟಿಗೆ ಬೀಳು ಎಂದರೆ ಬೀಳುತ್ತಿರಲಿಲ್ಲ. ಟ, ಟ, ಟ ಎಂದು ಒಂದರ ಹಿಂದೆ ಒಂದು ಸಾಲಾಗಿ ಇಳಿಯುತ್ತಿದ್ದವು. ಅವಳು ಮನೆಯಲ್ಲಿ ಊಟದ ಮೇಜಿನ ಮೇಲೆ ಎಡಗೈಯ ಕಿರುಬೆರಳು, ನಡುಬೆರಳು, ಹೆಬ್ಬೆರಳು ಮೂರನ್ನೂ ಒಟ್ಟಿಗೆ ಕುಟ್ಟಿ ಕುಟ್ಟಿ ಅಭ್ಯಾಸ ಮಾಡುತ್ತಿದ್ದಳು.

ದೊಡ್ಡಪ್ಪ ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸದವನು. ಊಟಕ್ಕೆ ಕೂತವನು ಕೇಳಿದ, "ಏನೇ ಇದು, ಬಾಗಿಲು ತಟ್ಟೋ ಹಾಗೆ?"

"ಕಾರ್ಡ್ ಪ್ರಾಕ್ಟೀಸ್."

"ಇಸ್ಪೀಟಾ?"

"ಮೂರು ಸ್ವರ ಒಟ್ಟಿಗೆ ಒತ್ತೋದು. ನಿಮ್ಮ ಬಣ್ಣದ ಹಾಗೇ ಅನ್ಕೊಳ್ಳಿ. ಮೂರು ಸೇರಿ ನಾಲ್ಕನೇದೊಂದು ಆಗುತ್ತೆ."

"ಹಾಗಾದ್ರೆ ಸರಿ. ಸಾರು ಚೆಲ್ಲದ ಹಾಗೆ ಬೆರೆಸು" ಎಂದು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

ಮೂರು ತಿಂಗಳು ಹಿಡಿಯಿತು. ಆಮೇಲೆ ಒಂದು ದಿನ ಮೂರು ಬೆರಳುಗಳು ಒಟ್ಟಿಗೆ ಬಿದ್ದವು, ಮತ್ತೆ ಎಂದೂ ತಪ್ಪಲಿಲ್ಲ. ನಡುಬೆರಳನ್ನು ಅರ್ಧ ಮೆಟ್ಟಿಲು ಇಳಿಸಿದರೆ ಮೇಜರ್ ಕಾರ್ಡ್ ಮೈನರ್ ಆಗುವುದು, ನಗುತ್ತಿದ್ದವರ ಮುಖ ಸಪ್ಪಗಾಗುವ ಹಾಗೆ ಧ್ವನಿ ಬದಲಾಗುವುದು, ಇವೆಲ್ಲ ಅವಳಿಗೆ ಮುದುಕರ ಪುಸ್ತಕ ಟೈಪ್ ಮಾಡುತ್ತಲೇ ತಲೆಗೆ ಹೋಗಿದ್ದವು. ಪುಸ್ತಕ ಮುಗಿಯುವ ಹೊತ್ತಿಗೆ ಟೈಪಿಂಗ್ ಶಾಲೆಯೂ ಮುಚ್ಚಿತು. ಮುದುಕರು ತಮ್ಮ ಹಳೆಯ ಕೀಬೋರ್ಡನ್ನು ಅವಳಿಗೆ ಕೊಟ್ಟರು. ಅದರಲ್ಲಿ ಎರಡು ಕೀಲಿಗಳು ಸ್ವಲ್ಪ ಅಂಟುತ್ತಿದ್ದವು.

ಎರಡು ವರ್ಷ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿದಳು. ಆಮೇಲೆ ಒಂದು ಆರ್ಕೆಸ್ಟ್ರಾ ಅವಳನ್ನು ಹುಡುಕಿಕೊಂಡು ಬಂತು. ಧ್ವನಿವರ್ಧಕ ಬಾಡಿಗೆಗೆ ಕೊಡುವವನೊಬ್ಬ ಅದನ್ನು ನಡೆಸುತ್ತಿದ್ದ. ಎಲ್ಲರೂ ಅವನನ್ನು ಯಜಮಾನ ಎನ್ನುತ್ತಿದ್ದರು. ಅವನ ಕೀಬೋರ್ಡಿನವನು ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಕೈ ಕೊಟ್ಟಿದ್ದ. "ಹೆಂಗಸರು, ಅದೂ ಟೈಪಿಂಗ್ ಟೀಚರು" ಎಂದು ಯಜಮಾನ ಹಿಂದೆ ಮುಂದೆ ನೋಡುತ್ತಿದ್ದಾಗ, ಜೊತೆಗೆ ಬಂದಿದ್ದ ಹಿರಿಯ ಗಾಯಕರು, "ಅವರು ಕೂತ್ಕೊಳ್ಳೋ ರೀತಿ ನೋಡಯ್ಯ. ಬೆನ್ನು ನೆಟ್ಟಗಿದೆ. ತಾಳ ತಪ್ಪಲ್ಲ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಆ ಗಾಯಕರು ಹಗಲಿನಲ್ಲಿ ಶಾಲೆಯ ಗಣಿತದ ಮೇಷ್ಟ್ರು. ಎಲ್ಲರಿಗೂ ಅವರು ಮೇಷ್ಟ್ರೇ. ಆಗ ಅವರಿಗೆ ಐವತ್ತೆಂಟು. ಬೆಳ್ಳಿ ಕೂದಲು, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಮೈಕ್ ಇಲ್ಲದೆಯೂ ಸಭಾಂಗಣದ ಕೊನೆಯ ಸಾಲಿಗೆ ತಲುಪುವ ಗಂಟಲು. ಅವರೇ ಬರೆದು ರಾಗ ಹಾಕಿದ ಹಾಡೊಂದಿತ್ತು, ದೋಣಿ ಹಾಡು ಎಂದೇ ಅದರ ಹೆಸರು. ಇಬ್ಬರು ಹಾಡುವ ಹಾಡು. ದಡದಲ್ಲಿ ನಿಂತವಳು ಕೂಗುತ್ತಾಳೆ, ದೋಣಿಯವನು ಉತ್ತರ ಕೊಡುತ್ತಾ ಹುಟ್ಟು ಹಾಕುತ್ತಾನೆ. ಕಾರ್ಯಕ್ರಮಗಳಲ್ಲಿ ಅದನ್ನು ಕೇಳಿ ಕೇಳಿ ಹಾಡಿಸುತ್ತಿದ್ದರು.

ದೊಡ್ಡಮ್ಮ ಒಂದು ರೂಲ್ ಪುಸ್ತಕ ಇಟ್ಟುಕೊಂಡಿದ್ದಳು. ಹಾಡಿಗೊಂದು ಪುಟ. ಮೇಲೆ ಹಾಡಿನ ಹೆಸರು, ಅದರ ಕೆಳಗೆ ಕಾರ್ಡ್‌ಗಳ ಸಾಲು, ಬಲಗಡೆ ಮೂಲೆಯಲ್ಲಿ ಟೆಂಪೊ, ಅಂದರೆ ನಿಮಿಷಕ್ಕೆ ಎಷ್ಟು ತಟ್ಟು ಎಂಬ ಸಂಖ್ಯೆ. ದೋಣಿ ಹಾಡಿನ ಪುಟದ ಮೂಲೆಯಲ್ಲಿ 112 ಎಂದಿತ್ತು.

ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಐದನೇ ವರ್ಷ ಡ್ರಮ್ ಬಾರಿಸುವವನು ಬೇರೆ ತಂಡಕ್ಕೆ ಹೋದ. ಯಜಮಾನ ಹೊಸಬನನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಹೊಸ ಕೀಬೋರ್ಡ್ ಒಂದನ್ನು ತಂದ. ಅದರಲ್ಲಿ ಎಡಗೈಯಿಂದ ಕಾರ್ಡ್ ಹಿಡಿದರೆ ಸಾಕು, ಡ್ರಮ್ಮು, ಬೇಸ್ ಗಿಟಾರು ಎಲ್ಲ ತಾನೇ ಹಿಂದೆ ಬರುತ್ತಿತ್ತು. ಟೆಂಪೊ ಏರಿಸಲು ಒಂದು ಗುಂಡಿ, ಇಳಿಸಲು ಒಂದು ಗುಂಡಿ, ನಡುವೆ ಕೆಂಪು ಅಂಕಿ. ಹೀಗೆ ಇಡೀ ತಂಡದ ನಡಿಗೆ ದೊಡ್ಡಮ್ಮನ ಕೈಗೆ ಬಂತು.

ಮೇಷ್ಟ್ರು ನಿಧಾನವಾಗುತ್ತಿರುವುದು ಅವಳಿಗೆ ಗೊತ್ತಾಗಿದ್ದು ಆಗ. ಡ್ರಮ್ಮರ್ ಇದ್ದಾಗ ಅವನು ಗಾಯಕರನ್ನು ನೋಡಿಕೊಂಡು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿದ್ದ. ಯಂತ್ರಕ್ಕೆ ಆ ದಾಕ್ಷಿಣ್ಯ ಇಲ್ಲ. ನೂರ ಹನ್ನೆರಡು ಎಂದರೆ ನೂರ ಹನ್ನೆರಡೇ. ಮೇಷ್ಟ್ರು ಸಾಲು ಎತ್ತುವುದು ಕೂದಲೆಳೆಯಷ್ಟು ತಡವಾಗುತ್ತಿತ್ತು. ಅವಳು ಗುಂಡಿ ಎರಡು ಸಲ ಒತ್ತಿ ನೂರ ಹತ್ತಕ್ಕೆ ಇಳಿಸಿದಳು. ಸರಿಹೋಯಿತು. ವಯಸ್ಸಾಯಿತಲ್ಲ ಎಂದುಕೊಂಡಳು. ಪುಟದ ಮೂಲೆಯ ಸಂಖ್ಯೆಗೆ ಗೀಟು ಹಾಕಿ ಹೊಸದನ್ನು ಬರೆದು, ಪಕ್ಕದಲ್ಲಿ ತಾರೀಕನ್ನೂ ಹಾಕಿದಳು. ತಾರೀಕು ಹಾಕುವುದು ಟೈಪಿಂಗ್ ಶಾಲೆಯ ಅಭ್ಯಾಸ. ಕೆಲವು ತಿಂಗಳ ಮೇಲೆ ನೂರ ಎಂಟು, ಆಮೇಲೆ ನೂರ ನಾಲ್ಕು, ನೂರು. ಎರಡು ವರ್ಷದಲ್ಲಿ ತೊಂಬತ್ತಾರಕ್ಕೆ ಬಂದಿತ್ತು. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಮೊದಲು ಕೇಳಿದ್ದು ಮೇಷ್ಟ್ರ ಜೊತೆ ಹಾಡುವ ಗಾಯಕಿ. ಕಾರ್ಯಕ್ರಮ ಮುಗಿದು ವೈರು ಸುತ್ತುವಾಗ ಹತ್ತಿರ ಬಂದು, "ಮೇಡಂ, ತಪ್ಪು ತಿಳ್ಕೋಬೇಡಿ. ದೋಣಿ ಹಾಡಲ್ಲಿ ನಂಗೆ ಉಸಿರು ಸಾಲ್ತಿಲ್ಲ. ಮೊದ್ಲು ಒಂದೇ ಉಸಿರಿಗೆ ಮುಗೀತಿದ್ದ ಸಾಲು ಈಗ ಎರಡು ಉಸಿರು ಕೇಳುತ್ತೆ" ಎಂದಳು.

"ನಿಂಗೆ ಶೀತ ಆಗಿರ್ಬೇಕು."

"ಶೀತ ಆಗಿದ್ರೆ ಎಲ್ಲ ಹಾಡಿಗೂ ಆಗ್ಬೇಕಲ್ವಾ? ನಾನೊಬ್ಳೇ ಹಾಡೋವಾಗ ಏನೂ ಆಗಲ್ಲ."

ದೊಡ್ಡಮ್ಮ ವೈರು ಸುತ್ತುವುದನ್ನು ಮುಂದುವರಿಸಿದಳು. ಗಾಯಕಿ ಯಜಮಾನನ ಹತ್ತಿರವೂ ಹೇಳಿರಬೇಕು. ಮುಂದಿನ ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆ ಎಲ್ಲರೂ ಅವನ ಗೋದಾಮಿನಲ್ಲಿ ಸೇರಿದಾಗ, ಅವನು ಸ್ಪೀಕರ್ ಪೆಟ್ಟಿಗೆಯೊಂದರ ಮೇಲೆ ಕೂತು ಫೋನಿನಲ್ಲಿ ಹಳೆಯ ಒಂದು ರೆಕಾರ್ಡಿಂಗ್ ಹಾಕಿದ. ಏಳು ವರ್ಷದ ಹಿಂದಿನ ದೋಣಿ ಹಾಡು.

"ಕೇಳಿಸ್ತಾ?" ಎಂದ. "ಆಗ ದೋಣಿ ಓಡ್ತಿತ್ತು. ಈಗ ಕೆಸರಲ್ಲಿ ತಳ್ಳಿದ ಹಾಗಿದೆ. ಇವತ್ತು ಹಳೇ ಸ್ಪೀಡಲ್ಲೇ ಆಗ್ಲಿ ಮೇಡಂ."

ದೊಡ್ಡಮ್ಮ ಗುಂಡಿ ಒತ್ತಿದಳು. ಹದಿನಾರು ಸಲ ಒತ್ತಬೇಕಿತ್ತು. ಒತ್ತುವಾಗ ಪ್ರತಿ ಸಲವೂ ಅದು ಕಿಕ್ ಎಂದು ಸದ್ದು ಮಾಡುತ್ತಿತ್ತು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು.

ಗಾಯಕಿಯ ಸಾಲು ಸಲೀಸಾಗಿ ಹೋಯಿತು. ಮೇಷ್ಟ್ರ ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ಅವರು ಅರ್ಧ ತಟ್ಟು ಹಿಂದೆ ಬಿದ್ದರು. ಮೂರನೆಯದರಲ್ಲಿ, ಅವರ ಮಾತು ಮುಗಿಯುವ ಮೊದಲೇ ಕೆಳಗಿನ ಕಾರ್ಡ್ ಬದಲಾಗಿಹೋಯಿತು. ಕುರ್ಚಿ ಇದೆ ಎಂದುಕೊಂಡು ಕೂರಲು ಹೋದವರಿಗೆ ಕುರ್ಚಿ ಇಲ್ಲದ ಹಾಗೆ ಸ್ವರ ಅಡಿ ತಪ್ಪಿತು. ಅವರು ಹಾಡು ನಿಲ್ಲಿಸಿದರು.

"ಮೇಡಂ, ಓಡಿಸ್ತಿದ್ದೀರಿ ನೀವು. ಹಳೇ ಸ್ಪೀಡು ಇದಲ್ಲ."

ಕೆಂಪು ಅಂಕಿ ಎಲ್ಲರಿಗೂ ಕಾಣುತ್ತಿತ್ತು. "ಹೌದು ಮೇಷ್ಟ್ರೇ, ಕೈ ಜಾಸ್ತಿ ಒತ್ತಿತು" ಎಂದು ದೊಡ್ಡಮ್ಮ ತೊಂಬತ್ತಾರಕ್ಕೆ ಇಳಿಸಿದಳು. ಹಾಡು ಕೊನೆಯವರೆಗೆ ಸರಿಯಾಗಿ ನಡೆಯಿತು. ಯಜಮಾನ ಫೋನನ್ನು ಜೇಬಿಗೆ ಹಾಕಿಕೊಂಡ.

ಆಮೇಲೆ ಮೇಷ್ಟ್ರು ಒಂದು ಕುರ್ಚಿಯಲ್ಲಿ ಕೂತರು. ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳು ತೋರುಬೆರಳನ್ನು ಸಣ್ಣಗೆ ಉಜ್ಜುತ್ತಿತ್ತು, ಏನನ್ನೋ ಉಂಡೆ ಕಟ್ಟುವ ಹಾಗೆ. ದೊಡ್ಡಮ್ಮ ಅದನ್ನು ಹಿಂದೆಯೂ ನೋಡಿದ್ದಳು, ತಾಳ ಹಾಕಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದಳು. ಈಗ ನೋಡಿದರೆ ಅದು ಯಾವ ಹಾಡಿನ ತಾಳಕ್ಕೂ ಹೊಂದುತ್ತಿರಲಿಲ್ಲ. ಹಾಡು ನಿಂತ ಮೇಲೂ ಅದು ನಿಂತಿರಲಿಲ್ಲ.

ಅಂದು ಮಧ್ಯಾಹ್ನ ಅವಳು ಪುಸ್ತಕ ತೆಗೆದು ಕೂತಳು. ಪ್ರತಿ ಕಾರ್ಯಕ್ರಮಕ್ಕೂ ಹಾಡುಗಳ ಪಟ್ಟಿಯನ್ನು ಮೇಷ್ಟ್ರೇ ಬರೆದುಕೊಡುತ್ತಿದ್ದರು. ಅವನ್ನೆಲ್ಲ ಅವಳು ಪುಸ್ತಕದ ಹಿಂದೆ ಮಡಚಿ ಇಟ್ಟಿದ್ದಳು. ಹಳೆಯ ಪಟ್ಟಿಗಳಲ್ಲಿ ಅಕ್ಷರಗಳು ಕಪ್ಪುಹಲಗೆಯ ಮೇಲಿನ ಹಾಗೆ ಗುಂಡಗೆ ದೊಡ್ಡದಾಗಿದ್ದವು. ಈಚಿನವುಗಳಲ್ಲಿ ಸಾಲು ಶುರುವಾಗುವಾಗ ಒಂದು ಅಳತೆ, ಮುಗಿಯುವಾಗ ಇರುವೆಯಷ್ಟು. ಅಕ್ಷರ ನೋಡಿ ನೋಡಿ ಜೀವನ ಕಳೆದವಳು, ಇದನ್ನು ಗಮನಿಸಲಿಲ್ಲವಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ದೊಡ್ಡಪ್ಪನಿಗೆ ತೋರಿಸಿದಳು. "ಹೇಳ್ಲೋ ಬೇಡ್ವೋ?"

ಅವನು ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿದ. "ಹೇಳಿದ್ರೆ ಅವರು ನಿನ್ನ ಮೇಲೆ ಕೋಪ ಮಾಡ್ಕೋತಾರೆ. ಹೇಳ್ದೇ ಇದ್ರೆ ನಿನ್ನ ಮೇಲೆ ನೀನೇ ಕೋಪ ಮಾಡ್ಕೋತೀಯ, ಆ ಕೋಪದ ಜೊತೆ ಈ ಮನೇಲಿ ಇರ್ಬೇಕಾದವನು ನಾನು. ಹೋಗಿ ಹೇಳಿ ಬಾ."

ಮರುದಿನ ಶಾಲೆ ಬಿಟ್ಟ ಹೊತ್ತಿನಲ್ಲಿ ಮೇಷ್ಟ್ರ ಮನೆಗೆ ಹೋದಳು. ಅವರು ನಿವೃತ್ತರಾಗಿ ನಾಲ್ಕೈದು ವರ್ಷವಾಗಿದ್ದರೂ ಮನೆಪಾಠ ಇನ್ನೂ ನಡೆಯುತ್ತಿತ್ತು. ಹುಡುಗರನ್ನು ಕಳಿಸಿ, ಬನ್ನಿ ಕೂತ್ಕೊಳ್ಳಿ ಎಂದರು. ಅವರ ಹೆಂಡತಿ ಕಾಫಿ ತಂದು ಅಲ್ಲೇ ಬಾಗಿಲಿಗೆ ಒರಗಿ ನಿಂತರು. ದೊಡ್ಡಮ್ಮ ಪುಸ್ತಕ ತೆರೆದು ದೋಣಿ ಹಾಡಿನ ಪುಟ ತೋರಿಸಿದಳು. ಗೀಟು ಹಾಕಿದ ಅಂಕಿಗಳು, ಪಕ್ಕದಲ್ಲಿ ತಾರೀಕುಗಳು.

"ಇದೇನಿದು?"

"ನಿಮ್ಮ ಹಾಡಿನ ವೇಗ ಮೇಷ್ಟ್ರೇ. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದಿದ್ದೀನಿ. ನೀವು ಹಿಂದೆ ಬೀಳ್ತಿದ್ರಿ. ಒಬ್ಬ ಒಳ್ಳೇ ಡಾಕ್ಟರ ಹತ್ರ ತೋರಿಸಿದ್ರೆ ವಾಸಿ ಅನ್ಸುತ್ತೆ."

ಮೇಷ್ಟ್ರು ಪುಟವನ್ನು ಮೇಲಿಂದ ಕೆಳಗೆ ನೋಡಿದರು. "ನೀವೇನು ಡಾಕ್ಟರಾ?"

"ಅಲ್ಲ."

"ಎರಡು ವರ್ಷ. ನನ್ನ ಕೇಳ್ದೆ, ನಂಗೆ ಹೇಳ್ದೆ."

"ಸ್ಟೇಜ್ ಮೇಲೆ ನಿಮಗೆ ಅವಮಾನ ಆಗಬಾರದು ಅಂತ."

"ಅವಮಾನ ಆಗಿದ್ದು ಈಗ." ಅವರ ದನಿ ಏರಲಿಲ್ಲ. "ಎಲ್ಲರ ಎದುರಿಗೆ ಸಾಲು ತಪ್ಪಿದ್ರೂ ತಡ್ಕೋತಿದ್ದೆ. ನಾನು ಚೆನ್ನಾಗಿ ಹಾಡ್ತಿದ್ದೀನಿ ಅಂತ ಎರಡು ವರ್ಷ ನಂಬಿದ್ದೆನಲ್ಲ, ಅದನ್ನ ಹೇಗೆ ತಡ್ಕೊಳ್ಲಿ?"

ದೊಡ್ಡಮ್ಮ ಪುಸ್ತಕ ಮುಚ್ಚಿದಳು. ತಪ್ಪಾಯಿತು ಎಂದಳು. ಆಗ ಬಾಗಿಲಲ್ಲಿದ್ದ ಹೆಂಡತಿ, ಗಂಡನನ್ನು ನೋಡದೆ, ನೆಲ ನೋಡುತ್ತಾ ಮಾತಾಡಿದರು. "ಅಂಗಿ ಗುಂಡಿ ಹಾಕ್ಕೊಳ್ಳೋಕೆ ಇವರಿಗೆ ಕಾಲು ಗಂಟೆ ಬೇಕು. ನಾನು ಹಾಕ್ತೀನಿ ಅಂದ್ರೆ ರೇಗ್ತಾರೆ. ನಾನೂ ಯಾರಿಗೂ ಹೇಳಿಲ್ಲ."

ಮೇಷ್ಟ್ರು ಎದ್ದು ಒಳಗೆ ಹೋದರು. ಹೋಗುವಾಗ ಅವರ ಎಡಗೈ ಮಾತ್ರ ಹಿಂದೆ ಮುಂದೆ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡೇ ಇತ್ತು. ಕಾಫಿ ಹಾಗೇ ತಣ್ಣಗಾಯಿತು.

ಮೂರು ವಾರ ಸುದ್ದಿ ಇಲ್ಲ. ಒಂದು ಕಾರ್ಯಕ್ರಮಕ್ಕೆ ಅವರು ಬರಲೂ ಇಲ್ಲ. ಗಂಟಲು ಕೆಟ್ಟಿದೆಯಂತೆ ಎಂದು ಯಜಮಾನ ಎಲ್ಲರಿಗೂ ಹೇಳಿದ. ನಾಲ್ಕನೇ ವಾರ ಮನೆಗೆ ಫೋನ್ ಬಂತು.

"ಆ ಪುಸ್ತಕ ಎರಡು ದಿನದ ಮಟ್ಟಿಗೆ ಬೇಕಿತ್ತು" ಎಂದರು ಮೇಷ್ಟ್ರು. "ಡಾಕ್ಟರು ಇದು ಯಾವಾಗ ಶುರುವಾಯ್ತು ಅಂತ ಕೇಳ್ತಿದ್ದಾರೆ. ನಂಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ."

ದೊಡ್ಡಮ್ಮ ಅಂದೇ ತೆಗೆದುಕೊಂಡು ಹೋಗಿ ಕೊಟ್ಟಳು. ಮೇಷ್ಟ್ರು ಚೌಕಳಿ ಹಾಳೆಯ ಮೇಲೆ ಅದನ್ನು ನಕ್ಷೆ ಮಾಡಿ ಡಾಕ್ಟರಿಗೆ ಒಯ್ದರು. ಅಡ್ಡಕ್ಕೆ ತಿಂಗಳುಗಳು, ಉದ್ದಕ್ಕೆ ವೇಗ, ಇಳಿಯುವ ಗೆರೆ. ಡಾಕ್ಟರು ತಮ್ಮ ಜೊತೆಯವರನ್ನೂ ಕರೆದು ತೋರಿಸಿದರಂತೆ. ಅದು ಪಾರ್ಕಿನ್ಸನ್ ಕಾಯಿಲೆ. ಕೈಕಾಲುಗಳನ್ನು ಆಡಿಸುವ ಮೆದುಳಿನ ಭಾಗ ನಿಧಾನವಾಗಿ ಸೋಲುತ್ತಾ ಬರುತ್ತದೆ, ವಾಸಿಯಾಗುವುದಿಲ್ಲ, ಔಷಧಿಯಿಂದ ಹತೋಟಿಯಲ್ಲಿಡಬಹುದು ಎಂದರು.

ಔಷಧಿ ಶುರುವಾದ ಮೇಲೆ ಮೇಷ್ಟ್ರು ಚೇತರಿಸಿಕೊಂಡರು. ಇನ್ನೂ ಏಳೆಂಟು ಕಾರ್ಯಕ್ರಮಗಳಲ್ಲಿ ಹಾಡಿದರು. ಪ್ರತಿ ಸಲ ಹಾಡಿಗೆ ಮೊದಲು ಕೀಬೋರ್ಡಿನ ಹತ್ತಿರ ಬಂದು, ತಾವೇ ಬಗ್ಗಿ ಕೆಂಪು ಅಂಕಿ ನೋಡಿ, "ಇವತ್ತು ನೂರಿಡಿ" ಎಂದೋ "ತೊಂಬತ್ತೆಂಟು ಸಾಕು" ಎಂದೋ ಹೇಳುತ್ತಿದ್ದರು. ಗಾಯಕಿ ತನ್ನ ಉಸಿರನ್ನು ಎರಡು ಮಾಡಿಕೊಳ್ಳಲು ಕಲಿತಳು. ಒಂದು ಸಂಜೆ ಮೇಷ್ಟ್ರು ಕಾರ್ಯಕ್ರಮ ಮುಗಿಸಿ ಮೈಕನ್ನು ಅವಳ ಕೈಗೆ ಕೊಟ್ಟು, "ಇನ್ನು ಸಾಕು ಕಣಮ್ಮ" ಎಂದರು. ಮತ್ತೆ ಸ್ಟೇಜ್ ಹತ್ತಲಿಲ್ಲ.

ಮೂರು ವರ್ಷ ಕಳೆಯಿತು. ಕಾಯಿಲೆ ಕಾಲಿಗೆ ಬಂತು. ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದರು, ಪಾದಗಳನ್ನು ನೆಲಕ್ಕೆ ಮೊಳೆ ಹೊಡೆದ ಹಾಗೆ. ಬಾಗಿಲು ದಾಟುವಾಗ ಅದು ಹೆಚ್ಚು. ವ್ಯಾಯಾಮ ಮಾಡಿಸುವ ಚಿಕಿತ್ಸಾಲಯವೊಂದಕ್ಕೆ ವಾರಕ್ಕೆರಡು ಸಲ ಹೋಗುತ್ತಿದ್ದರು. ಅಲ್ಲಿನ ಫಿಸಿಯೋಥೆರಪಿಸ್ಟ್, ಚುರುಕಾದ ಹೆಂಗಸು, ಚಪ್ಪಾಳೆ ತಟ್ಟುತ್ತಾ ಅದರ ಲೆಕ್ಕಕ್ಕೆ ಹೆಜ್ಜೆ ಹಾಕಿಸುತ್ತಿದ್ದಳು. ಸದ್ದಿನ ಆಸರೆ ಸಿಕ್ಕರೆ ಇಂಥವರ ಕಾಲು ಏಳುತ್ತದೆ ಎಂದು ಅವಳು ಓದಿಕೊಂಡಿದ್ದಳು. ಮೇಷ್ಟ್ರು ನಾಲ್ಕು ದಿನ ಸಹಿಸಿಕೊಂಡು ಐದನೇ ದಿನ, "ಅಮ್ಮಾ, ಬೇಜಾರು ಮಾಡ್ಕೋಬೇಡ. ನಿನ್ನ ಚಪ್ಪಾಳೆಗೆ ತಾಳ ಇಲ್ಲ. ತಾಳ ಇರೋರು ಒಬ್ಬರು ನಂಗೆ ಗೊತ್ತು" ಎಂದರಂತೆ.

ಮುಂದಿನ ಮಂಗಳವಾರ ಬೆಳಿಗ್ಗೆ ದೊಡ್ಡಮ್ಮ ತನ್ನ ಕೀಬೋರ್ಡನ್ನು ಆಟೋದಲ್ಲಿ ಹಾಕಿಕೊಂಡು ಹೋದಳು. ಅವತ್ತು ಅವಳ ಜೊತೆ ನಾನೂ ಹೋಗಿದ್ದೆ. ಉದ್ದನೆಯ ಹಜಾರ, ಒಂದು ಗೋಡೆಗೆ ಹಿಡಿಕಂಬಿ, ನೆಲಕ್ಕೆ ಅಡ್ಡಡ್ಡ ಅಂಟಿಸಿದ ಹಳದಿ ಪಟ್ಟಿಗಳು, ತುದಿಯಲ್ಲಿ ಇನ್ನೊಂದು ಕೋಣೆಗೆ ಬಾಗಿಲು. ದೊಡ್ಡಮ್ಮ ಮೊದಲು ಏನೂ ನುಡಿಸಲಿಲ್ಲ. ಗಡಿಯಾರ ನೋಡುತ್ತಾ ಮೇಷ್ಟ್ರ ಹೆಜ್ಜೆ ಎಣಿಸಿದಳು. ಅರ್ಧ ನಿಮಿಷಕ್ಕೆ ಮೂವತ್ತೆಂಟು.

"ಎಪ್ಪತ್ತಾರು" ಎಂದಳು.

"ಅದಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟು ನೋಡೋಣ" ಎಂದಳು ಫಿಸಿಯೋಥೆರಪಿಸ್ಟ್.

ಎಂಬತ್ತೆರಡು ಇಟ್ಟು ದೊಡ್ಡಮ್ಮ ದೋಣಿ ಹಾಡನ್ನೇ ಎತ್ತಿಕೊಂಡಳು. ಅವರಿಗೆ ಇಷ್ಟವಾಗುತ್ತದೆ ಎಂದು. ಬಲಗೈಯಲ್ಲಿ ರಾಗ ಶುರುವಾದದ್ದೇ ತಡ, ಮೇಷ್ಟ್ರು ಇದ್ದಲ್ಲೇ ನಿಂತರು. ಮುಖ ಮೇಲೆತ್ತಿ, ಬಾಯಿ ತೆರೆದು, ತಮ್ಮ ಸಾಲಿಗಾಗಿ ಕಾಯುತ್ತಿದ್ದರು. ಕಾಲು ಮರೆತೇ ಹೋಗಿತ್ತು. ಫಿಸಿಯೋಥೆರಪಿಸ್ಟ್ ನಡೀರಿ ನಡೀರಿ ಎಂದರೂ ಅವರಿಗೆ ಕೇಳಿಸಲಿಲ್ಲ. ಸಾಲು ಬಂತು, ಸಣ್ಣ ದನಿಯಲ್ಲಿ ಹಾಡಿದರು, ಕಣ್ಣಲ್ಲಿ ನೀರು ಬಂತು. ಹೆಜ್ಜೆ ಮಾತ್ರ ಒಂದೂ ಮುಂದೆ ಹೋಗಲಿಲ್ಲ.

ದೊಡ್ಡಮ್ಮ ನಿಲ್ಲಿಸಿ ಕೂತಳು. ಆಮೇಲೆ ಬಲಗೈಯನ್ನು ಮಡಿಲಿಗೆ ಹಾಕಿಕೊಂಡಳು. "ಹಾಡು ಬೇಡ" ಎಂದಳು. "ಹಾಡಿದ್ರೆ ಇವರು ಗಾಯಕರಾಗ್ತಾರೆ. ಬರೀ ಕಾರ್ಡ್ ಹಿಡೀತೀನಿ."

ಎಡಗೈಯ ಮೂರು ಬೆರಳುಗಳು ಮಾತ್ರ. ಜಿ, ಸಿ, ಡಿ ಎಂಬ ಮೂರು ಕಾರ್ಡ್‌ಗಳು, ಮತ್ತೆ ಜಿ. ರಾಗವಿಲ್ಲ, ಮಾತಿಲ್ಲ, ಕೆಳಗೆ ಒಂದೇ ಸಮನೆ ತಟ್ಟು. ಮೇಷ್ಟ್ರು ಎರಡು ತಟ್ಟು ಸುಮ್ಮನೆ ಕೇಳಿದರು. ಮೂರನೆಯದಕ್ಕೆ ಬಲಗಾಲು ಎದ್ದಿತು. ಒಂದು ಹಳದಿ ಪಟ್ಟಿ, ಇನ್ನೊಂದು, ಮತ್ತೊಂದು. ಎಡಗಡೆ ಹಿಡಿಕಂಬಿ ಇತ್ತು, ಮುಟ್ಟಲಿಲ್ಲ. ಹಜಾರದ ಉದ್ದಕ್ಕೂ ನಡೆದು ತುದಿಯ ಬಾಗಿಲಿಗೆ ಬಂದರು, ಅಲ್ಲಿ ಕಾಲು ಕಚ್ಚಿಕೊಂಡಿತು. ಹೊಸಿಲೇನೂ ಇರಲಿಲ್ಲ, ಬರೀ ಚೌಕಟ್ಟು. ಆದರೂ ನಿಂತರು.

ದೊಡ್ಡಮ್ಮ ಆಗ ಡಿ ಕಾರ್ಡ್‌ನಲ್ಲಿದ್ದಳು. ಜಿಗೆ ಹೋಗಬೇಕಾದ ಜಾಗ. ಅವಳು ಹೋಗಲಿಲ್ಲ, ಡಿಯಲ್ಲೇ ಉಳಿದಳು. ನಾಲ್ಕು ತಟ್ಟು, ಎಂಟು ತಟ್ಟು. ಸಂಗೀತ ಗೊತ್ತಿಲ್ಲದ ನನಗೂ, ಸೀನು ಬಂದು ಬಾರದ ಹಾಗೆ, ಏನೋ ಬರಬೇಕು, ಬರುತ್ತಿಲ್ಲ ಎನ್ನಿಸತೊಡಗಿತು. ಮೇಷ್ಟ್ರ ಮೈ ಸ್ವಲ್ಪ ಮುಂದಕ್ಕೆ ವಾಲಿತು. ಅದನ್ನು ನೋಡಿ ಅವಳು ಜಿ ಒತ್ತಿದಳು. ಕಾಲು ಅದರ ಜೊತೆಗೇ ಬಿದ್ದಿತು, ಬಾಗಿಲಿನ ಆಚೆ.

ಆಚೆಯ ಕೋಣೆಯಿಂದ ಅವರ ದನಿ ಕೇಳಿಸಿತು, "ಮೇಡಂ, ತಿರುಗಿ ಬರೋಕೂ ಒಂದು ನುಡಿಸಿ. ಇಲ್ಲಾಂದ್ರೆ ನಾನು ಇಲ್ಲೇ ಸಂಸಾರ ಹೂಡ್ಬೇಕಾಗುತ್ತೆ."

ಹಜಾರದಲ್ಲಿದ್ದವರೆಲ್ಲ ನಕ್ಕರು. ಗೋಡೆ ಪಕ್ಕದ ಕುರ್ಚಿಗಳಲ್ಲಿ ಇನ್ನೂ ನಾಲ್ಕೈದು ರೋಗಿಗಳು ಸರದಿಗೆ ಕೂತಿದ್ದರು. ಅವರಲ್ಲಿ ಒಬ್ಬ ಮುದುಕಿ, ನಿವೃತ್ತ ನರ್ಸ್, "ನಂಗೂ ಎಣಿಸಿ ನೋಡಿ" ಎಂದಳು. ಅವಳದು ನಿಮಿಷಕ್ಕೆ ಅರವತ್ತೆಂಟು.

ಹಾಗೆ ಅದೊಂದು ಕೆಲಸವಾಯಿತು. ವರ್ಷ ತುಂಬುವ ಹೊತ್ತಿಗೆ ದೊಡ್ಡಮ್ಮ ಆರ್ಕೆಸ್ಟ್ರಾ ಬಿಟ್ಟಳು. ಯಜಮಾನ ಗೊಣಗಿದ, ಆದರೆ ಚಿಕಿತ್ಸಾಲಯಕ್ಕೆ ಎರಡು ಸಣ್ಣ ಸ್ಪೀಕರುಗಳನ್ನು ತಾನೇ ತಂದು ಗೋಡೆಗೆ ಹಾಕಿಕೊಟ್ಟ. ಕೀಬೋರ್ಡ್ ಅಲ್ಲೇ ಉಳಿಯಿತು, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು. ಎಲ್ಲರಿಗೂ ಅದು ಹಿಡಿಸಿತು ಎಂದೇನಲ್ಲ. ಬಡಗಿಯೊಬ್ಬನಿಗೆ ತಟ್ಟು ಕೇಳಿದರೆ ಇನ್ನಷ್ಟು ಗಾಬರಿಯಾಗಿ ಎಡವುತ್ತಿದ್ದ. ಅವನಿಗೆ ನೆಲದ ಪಟ್ಟಿಗಳೇ ಸಾಕಾದವು. ಇನ್ನೊಬ್ಬರು ಮೂರು ವಾರ ಬಂದು, ಪ್ರಯೋಜನ ಕಾಣದೆ ಬಿಟ್ಟರು. ಚಿಕಿತ್ಸಾಲಯದವರು ನಡುವೆ ಒಮ್ಮೆ ಮೆಟ್ರೊನೋಮ್ ತಂದಿಟ್ಟರು, ಗುಂಡಿ ಒತ್ತಿದರೆ ತಾನೇ ಟಿಕ್ ಟಿಕ್ ಎನ್ನುತ್ತಿತ್ತು. ದೊಡ್ಡಮ್ಮ ಅದನ್ನು ದೂರಲಿಲ್ಲ. ಅವಳು ಬರದ ದಿನಗಳಲ್ಲಿ ಅದೇ ನಡೆಯುತ್ತಿತ್ತು. "ಟಿಕ್ ಅನ್ನೋದು ಅದಕ್ಕೆ ಗೊತ್ತು. ಬಾಗಿಲ ಹತ್ರ ಕಾಯೋದು ಗೊತ್ತಿಲ್ಲ" ಎಂದಷ್ಟೇ ಹೇಳಿದಳು.

ಮೇಷ್ಟ್ರು ಇನ್ನೂ ಆರು ವರ್ಷ ಬದುಕಿದರು. ಅದರಲ್ಲಿ ನಾಲ್ಕು ವರ್ಷ ತಪ್ಪದೆ ಬಂದು ಹಜಾರದಲ್ಲಿ ನಡೆದರು. ಹೊಸದಾಗಿ ಬಂದವರು ಹೆದರಿ ನಿಂತರೆ ಗಣಿತ ಹೇಳುವ ಹಾಗೆ ಅವರಿಗೆ ಬಿಡಿಸಿ ಹೇಳುತ್ತಿದ್ದರು. ಮೊಮ್ಮಗಳ ಶಾಲೆಯ ಕಾರ್ಯಕ್ರಮಕ್ಕೆ, ಮನಸ್ಸಿನಲ್ಲೇ ಜಿ, ಸಿ, ಡಿ ಹೇಳಿಕೊಂಡು, ಗೇಟಿನಿಂದ ಮೂರನೇ ಸಾಲಿನವರೆಗೆ ಯಾರ ಕೈಯನ್ನೂ ಹಿಡಿಯದೆ ಹೋಗಿ ಕೂತದ್ದನ್ನು ಎಲ್ಲರಿಗೂ ಹೇಳಿಕೊಂಡು ಬಂದರು. ಕೊನೆಯ ಎರಡು ವರ್ಷ ಗಾಲಿಕುರ್ಚಿ. ನುಂಗುವುದು ಕಷ್ಟವಾಯಿತು, ಮಾತು ಬಹುತೇಕ ನಿಂತಿತು. ದೊಡ್ಡಮ್ಮ ತಿಂಗಳಿಗೊಮ್ಮೆ ಮನೆಗೆ ಹೋಗಿ ಬರುತ್ತಿದ್ದಳು. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದವರು ಅಲ್ಲೇ ತೀರಿಕೊಂಡರು. ಗಾಯಕಿ ಬಂದಿದ್ದಳು, ಯಜಮಾನ ಬಂದಿದ್ದ. ಮೇಷ್ಟ್ರ ಹೆಂಡತಿ ದೊಡ್ಡಮ್ಮನ ಕೈ ಹಿಡಿದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ಮೇಷ್ಟ್ರಿಗೆ ಹೇಳದೆ ವೇಗ ಇಳಿಸುತ್ತಿದ್ದ ಆ ಎರಡು ವರ್ಷದ ಬಗ್ಗೆ ನಾನು ಒಮ್ಮೆ ಅವಳನ್ನು ಕೇಳಿದ್ದೆ. "ನೀನು ಮೊದಲೇ ಹೇಳಿದ್ರೆ ಏನಾದ್ರೂ ಬದಲಾಗ್ತಿತ್ತಾ ದೊಡ್ಡಮ್ಮ?"

"ಡಾಕ್ಟರು ದೊಡ್ಡ ವ್ಯತ್ಯಾಸ ಆಗ್ತಿರಲಿಲ್ಲ ಅಂದ್ರು. ಎರಡು ವರ್ಷ ಮೊದಲೇ ಮಾತ್ರೆ ಶುರುವಾಗ್ತಿತ್ತು, ಅಷ್ಟೇ." ಮತ್ತೆ ತಾನೇ ಹೇಳಿದಳು, "ಅಷ್ಟೇ ಅಂದ್ರೆ ಎರಡು ವರ್ಷ ಅವರು ಗುಂಡಿ ಹಾಕ್ಕೊಳ್ಳೋಕೆ ಅಷ್ಟು ಕಷ್ಟಪಡಬೇಕಿರಲಿಲ್ಲ. ಅವರ ಹೆಂಡತೀನೂ ಒಬ್ಬರೇ ನೋಡ್ಕೊಂಡು ಸುಮ್ಮನಿರಬೇಕಿರಲಿಲ್ಲ."

ದೊಡ್ಡಮ್ಮನಿಗೆ ಈಗ ಅರವತ್ತೆಂಟು ವರ್ಷ. ದೊಡ್ಡಪ್ಪ ನಿವೃತ್ತನಾಗಿ, ವಾರಕ್ಕೆರಡು ದಿನ ಅವಳನ್ನು ಸ್ಕೂಟರಿನಲ್ಲಿ ಬಿಟ್ಟು, ಹನ್ನೆರಡಕ್ಕೆ ಕರೆದುಕೊಂಡು ಬರುತ್ತಾನೆ. ಚಿಕಿತ್ಸಾಲಯದಲ್ಲಿ ಹದಿಮೂರು ಜನ ಬರುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ಇದೆ, ಅದನ್ನು ಅವರೇ ಇಟ್ಟುಕೊಳ್ಳಬೇಕು. ನುಡಿಸುವ ಮೊದಲು ಅವಳು ಸಂಖ್ಯೆಯನ್ನು ಜೋರಾಗಿ ಹೇಳುತ್ತಾಳೆ. ಏರಿದ್ದರೂ ಹೇಳುತ್ತಾಳೆ, ಇಳಿದಿದ್ದರೂ ಹೇಳುತ್ತಾಳೆ. ಕೆಲವರಿಗೆ ಅದು ಇಷ್ಟವಾಗುವುದಿಲ್ಲ, ಸುಮ್ಮನೆ ಎರಡು ಕಮ್ಮಿ ಮಾಡಿ ನುಡಿಸಬಾರದೇ ಎನ್ನುತ್ತಾರೆ. ಅವಳು ಒಪ್ಪುವುದಿಲ್ಲ.

ಹೋದ ಶುಕ್ರವಾರ ಒಬ್ಬ ನಿವೃತ್ತ ಬಸ್ ಡ್ರೈವರ್ ಹೊಸದಾಗಿ ಬಂದಿದ್ದರು. ಎಣಿಸಿ ನೋಡಿದರೆ ತೊಂಬತ್ತು, ಆದರೆ ಹೆಜ್ಜೆಗಳು ಗೇಣುದ್ದವೂ ಇಲ್ಲ, ತುದಿಗಾಲಲ್ಲಿ ಓಡುವ ಹಾಗೆ. ದೊಡ್ಡಮ್ಮ ಎಪ್ಪತ್ತೆಂಟು ಎಂದು ಹೇಳಿ ಕಾರ್ಡ್ ಹಿಡಿದಳು. ಅವರು ತಟ್ಟನ್ನು ಬಿಟ್ಟು ಮುಂದೆ ಓಡಿ, ಗೋಡೆ ಹಿಡಿದು ನಿಂತು, "ಬಹಳ ನಿಧಾನ ಆಯ್ತಮ್ಮ" ಎಂದರು.

"ನಿಧಾನಾನೇ ಬೇಕಾಗಿರೋದು" ಎಂದಳು ದೊಡ್ಡಮ್ಮ. "ಕಾಲು ಉದ್ದಕ್ಕೆ ಹಾಕಿ. ಇನ್ನೊಂದು ಸಲ ಆ ಕಡೆಯಿಂದ ಬನ್ನಿ."

ಅವರು ತಿರುಗಿ ನಿಂತರು. ಅವಳು ಮತ್ತೆ ಜಿ ಒತ್ತಿದಳು.